ನಾಲ್ಕು ಟ್ಯಾಂಕರ್ ನೀರು, ಒಂದು ದುಂಡನೆಯ ತೊಟ್ಟಿ

ವೇದಿಕೆಯ ಮೇಲಿರುವ ಶಿಕ್ಷಣಾಧಿಕಾರಿಗಳೇ, ಆಡಳಿತ ಮಂಡಳಿಯ ಅಧ್ಯಕ್ಷರೂ ನನ್ನ ಒಡಹುಟ್ಟಿದ ಅಣ್ಣನೂ ಆದವರೇ, ಪೋಷಕರೇ, ಬೆಳಗಿನಿಂದ ನೆಲದ ಮೇಲೆ ಕೂತಿರುವ ಮಕ್ಕಳೇ, ಸಭಿಕರೇ,

ಹೊಸ ನೀರಿನ ತೊಟ್ಟಿಯ ಈ ಉದ್ಘಾಟನಾ ಸಮಾರಂಭದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. "ಎರಡು ಮಾತಾಡಿ ಮುಗಿಸು, ಲೆಕ್ಕ ಗಿಕ್ಕ ತೆಗೀಬೇಡ" ಎಂದು ಅಧ್ಯಕ್ಷರು ಮೆಟ್ಟಿಲ ಬಳಿ ಅಪ್ಪಣೆ ಕೊಡಿಸಿದ್ದಾರೆ. ಏಳನೇ ತರಗತಿಗೆ ಗಣಿತ ಹೇಳುವವಳಿಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಯಾರು ಕೊಟ್ಟಾರು?

ತೊಟ್ಟಿಯ ಅಡ್ಡಳತೆ ಎರಡು ಮೀಟರ್, ಎತ್ತರ ಮೂರೂವರೆ. ಕಲ್ಲಿನ ಫಲಕದಲ್ಲಿ ನಲವತ್ತನಾಲ್ಕು ಸಾವಿರ ಲೀಟರ್ ಎಂದು ಕೆತ್ತಿಸಲಾಗಿದೆ. ಲೆಕ್ಕ ಸ್ವತಃ ಅಧ್ಯಕ್ಷರದು. ಪೆಟ್ಟಿಗೆಯಾಗಲಿ ಡಬ್ಬಿಯಾಗಲಿ, ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಘನಫಲ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ದುಂಡನೆಯ ತಳಕ್ಕೆ ಅಡ್ಡಳತೆಯ ಅರ್ಧವನ್ನು, ಅಂದರೆ ತ್ರಿಜ್ಯವನ್ನು ಹಿಡಿಯಬೇಕು. ನಮ್ಮ ಅಧ್ಯಕ್ಷರು ಅರ್ಧಕ್ಕೆ ತೃಪ್ತರಾಗುವವರೇ? ಪೂರ್ತಿ ಹಿಡಿದರು. ಸೂತ್ರದಲ್ಲಿ ತ್ರಿಜ್ಯವನ್ನು ಅದರಿಂದಲೇ ಗುಣಿಸುವುದರಿಂದ ತೊಟ್ಟಿ ಫಲಕದ ಮೇಲೆ ನಾಲ್ಕು ಪಟ್ಟು ಬೆಳೆಯಿತು. ನೆಲದ ಮೇಲೆ ಅದು ಹಿಡಿಯುವುದು ಹನ್ನೊಂದು ಸಾವಿರ.

ಮೊದಲೇ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಪಾಯ ತೋಡುವಾಗಲೇ ಅಣ್ಣನಿಗೆ ಹೇಳಿದೆ. "ಎಷ್ಟೆತ್ತರ ಬರುತ್ತೆ ನೋಡೇ. ನಿನ್ನ ಪುಸ್ತಕ ಮಡಚಿಡು" ಎಂದ.

ಎತ್ತರದ ಮೇಲೆ ಅವನಿಗೆ ಚಿಕ್ಕಂದಿನಿಂದಲೂ ಭಕ್ತಿ. ಮನೆಯಲ್ಲಿ ಹಾಲಿಗೆ ಎರಡು ಲೋಟಗಳಿದ್ದವು. ಉದ್ದನೆಯದು ಗಂಡುಮಗನಿಗೆ, ಕುಳ್ಳಗೆ ಅಗಲವಾದದ್ದು ನನಗೆ. ಒಂದು ದಿನ ಅವನ ಲೋಟದ ತುಂಬ ನೀರು ಹಿಡಿದು ನನ್ನದಕ್ಕೆ ಸುರಿದೆ. ಇನ್ನೂ ಎರಡು ಬೆರಳಿನಷ್ಟು ಜಾಗ ಉಳಿಯಿತು. ಅಮ್ಮ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, "ನಂಗೊತ್ತು ಕಣೇ. ಸುಮ್ನೆ ಕುಡಿ, ಅವನಿಗೆ ಹೇಳ್ಬೇಡ. ಬೇಜಾರು ಮಾಡ್ಕೋತಾನೆ" ಎಂದಳು. ಅಮ್ಮ ತೀರಿಕೊಂಡು ವರ್ಷಗಳಾದವು. ಅವನಿಗೆ ಬೇಜಾರಾಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ ನನ್ನ ತಲೆಗೇ ಉಳಿದಿದೆ. ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ನಮ್ಮ ಹಳೆಯ ತೊಟ್ಟಿಗೆ ಎತ್ತರದ ಭಾಗ್ಯವಿಲ್ಲ. ನಾಲ್ಕು ಮೀಟರ್ ಉದ್ದ, ಮೂರು ಅಗಲ, ಎರಡು ಎತ್ತರ. ಇಪ್ಪತ್ತನಾಲ್ಕು ಸಾವಿರ ಲೀಟರ್ ಹಿಡಿಯುವ ಈ ಪೆಟ್ಟಿಗೆಯನ್ನು ನಾಳೆ ಬೆಳಿಗ್ಗೆ ಒಡೆದು, ಅತಿಥಿಗಳ ಕಾರಿಗೆ ಜಾಗ ಮಾಡಲಾಗುತ್ತದೆ. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಹೋದ ವರ್ಷ ಈ ತೊಟ್ಟಿ ಸೋರಿ ಖಾಲಿಯಾದಾಗ ಶೌಚಾಲಯಕ್ಕೆ ಬೀಗ ಬಿತ್ತು. ದೊಡ್ಡ ಹುಡುಗಿಯರು ಶಾಲೆಗೆ ಬರುವುದನ್ನೇ ಬಿಟ್ಟರು. ಬಿರುಕು ಮುಚ್ಚಿಸಿದ ಮೇಲೆ ಅವರನ್ನು ಮತ್ತೆ ಕರೆತರಲು ನಾನು ಮನೆಮನೆ ಅಲೆದೆ. ಇಬ್ಬರು ಇಂದಿಗೂ ಬಂದಿಲ್ಲ. ಅವರಿಗೆ ಬೇಜಾರಾಯಿತೇ ಎಂದು ಯಾವ ಮಂಡಳಿ ಕೇಳಿತು?

ಇಂದಿನ ಶುಭ ಸಂದರ್ಭಕ್ಕೆ ಅಧ್ಯಕ್ಷರು ಫಲಕದ ಲೆಕ್ಕ ನಂಬಿ, ಒಂದೊಂದಕ್ಕೆ ಹನ್ನೊಂದು ಸಾವಿರ ಲೀಟರಿನಂತೆ, ನಾಲ್ಕು ಟ್ಯಾಂಕರ್ ನೀರು ತರಿಸಿದ್ದಾರೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಮ್ಮ ತೊಟ್ಟಿ ಮೊದಲನೆಯ ಟ್ಯಾಂಕರಿಗೇ ತುಂಬಿ ತುಳುಕಿತು. ನಾನು ವೇದಿಕೆ ಹತ್ತುವ ಮುಂಚೆ ಡ್ರೈವರ್ ಬಂದು, "ಮೇಡಂ, ಇನ್ನೂ ಮೂರು ಗಾಡಿ ನಿಂತಿದೆ. ಎಲ್ಲಿಗೆ ಸುರೀಲಿ?" ಎಂದು ಕೇಳಿದ.

ಹಳೆಯ ತೊಟ್ಟಿಗೆ ಸುರಿಯಲು ಹೇಳಿದೆ. ಎರಡು ಗಾಡಿ ಆಗಲೇ ಬರಿದಾಗಿರಬೇಕು. ಅಣ್ಣಾ, ಕೂತ್ಕೋ, ವಂದನೆ ಇನ್ನೂ ಮುಗಿದಿಲ್ಲ. ನಾಳೆ ಆ ತೊಟ್ಟಿಯನ್ನು ಒಡೆಯಬೇಕಾದರೆ, ಅಷ್ಟು ನೀರನ್ನು ಈ ಪೋಷಕರ ಕಣ್ಣೆದುರೇ ಚರಂಡಿಗೆ ಬಿಡಬೇಕಾಗುತ್ತದೆ. ಅದನ್ನು ಬಿಡಿಸುವವರು ದಯವಿಟ್ಟು ಈಗಲೇ ಕೈ ಎತ್ತಿ.

ಒಂದೂ ಕೈ ಕಾಣುತ್ತಿಲ್ಲ. ಹಳೆಯ ತೊಟ್ಟಿಯನ್ನು ಒಡೆಯಬಾರದೆಂಬ ಮಂಡಳಿಯ ಈ ತೀರ್ಮಾನವನ್ನು ಶಿಕ್ಷಣಾಧಿಕಾರಿಗಳು ಗಮನಿಸಬೇಕಾಗಿ ಕೋರುತ್ತೇನೆ. ಪೂರ್ತಿ ಅಡ್ಡಳತೆಯನ್ನೇ ಹಿಡಿದು ಮಕ್ಕಳಿಗೆ ಇಷ್ಟು ನೀರು ತರಿಸಿಕೊಟ್ಟ ಅಧ್ಯಕ್ಷರಿಗೂ, ಕೈ ಎತ್ತದೆ ಕುಳಿತ ನಿಮಗೆಲ್ಲರಿಗೂ ನನ್ನ ವಂದನೆಗಳು. ಕೊನೆಯ ಗಾಡಿಯಲ್ಲಿ ನೀರು ಮಿಗುತ್ತದೆ, ಹೋಗುವಾಗ ಮಕ್ಕಳ ಬಾಟಲಿ ತುಂಬಿಸಿಕೊಳ್ಳಿ. ನಮಸ್ಕಾರ.