ಗೋಡೌನಿನ ಎರಡನೇ ಪೆಟ್ಟಿಗೆ

ಇಲ್ಲ ಕದಿರಮ್ಮನೋರೇ, ಆ ಪುಸ್ತಕ ನಾನು ಮುಟ್ಟಲ್ಲ. ಮುಟ್ಟಲ್ಲ ಅಂದ್ರೆ ಮುಟ್ಟಲ್ಲ! ನಿಮ್ ಮಗ ಕೊಟ್ಟು ಕಳಿಸಿದಾನೆ, ನೀವೂ ಟವೆಲಲ್ಲಿ ಸುತ್ಕೊಂಡು ರಾಜಘಟ್ಟದಿಂದ ಬಸ್ ಹತ್ಕೊಂಡು ಬಂದಿದೀರಾ... ಸರಿ. ಆದ್ರೆ ಅದು ಅವನ್ದು. ಆರು ತಿಂಗಳು ಈ ರೂಮಲ್ಲಿ ಕೂತು ನನ್ನ ಪಾಠ ಕೇಳ್ಕೊಂಡು ಅವನೇ ಬರ್ಕೊಂಡಿದ್ದು. "ಮೇಡಂಗೆ ಕೊಟ್ಬಿಟ್ಟು ಬಾ" ಅಂದ್ನಾ? ಯಾಕಂತೆ? ಇನ್ಮೇಲೆ ಬೇಕಾಗಲ್ಲ ಅಂತಾನಾ? ಯಾಕೆ ಬೇಕಾಗಲ್ಲ? ಕೂತ್ಕೊಳಿ ಮೊದ್ಲು. ಅಯ್ಯೋ, ನೆಲದ ಮೇಲಲ್ಲ! ಏಳಿ, ಏಳಿ. ಆ ಕುರ್ಚಿ ಮೇಲೆ. ನಿಮ್ ಕೊಂಡಪ್ಪ ಕೂರ್ತಿದ್ದ ಕುರ್ಚಿನೇ ಅದು.

ಕೇಳಿ. ಕೊಂಡಪ್ಪನ ತಪ್ಪಿಲ್ಲ. ಇದನ್ನ ನಾನು ಎಲ್ಲಿ ಬೇಕಾದ್ರೂ ನಿಂತ್ಕೊಂಡು ಹೇಳ್ತೀನಿ. ಬಸ್‌ಸ್ಟ್ಯಾಂಡಲ್ಲಿ ಹೇಳ್ಬೇಕಾ? ಹೇಳ್ತೀನಿ. ಹೆಡ್ಡಾಫೀಸ್ ಬಾಗಿಲಲ್ಲಿ? ಅಲ್ಲೂ ಹೇಳ್ತೀನಿ! ಮಗ್ಗದ ಮುನಿಶಾಮಪ್ಪನ ಮಗಳು ಪ್ರಮೋದಾ ಯಾರಿಗೂ ಹೆದರೋಳಲ್ಲ ಅಂತ ಈ ದೊಡ್ಡಬಳ್ಳಾಪುರದಲ್ಲಿ ಯಾರನ್ನ ಬೇಕಾದ್ರೂ ಕೇಳಿ... ಯಾಕೆ ನಕ್ರಿ? ನಗ್ಲಿಲ್ವಾ? ನಕ್ಕಂಗೆ ಕಾಣ್ತು. ಬಿಡಿ.

ಫೋನ್ ಮಾಡಿ ಹೆಡ್ಡಾಫೀಸಿನೋರ ಗ್ರಹಚಾರ ಬಿಡಿಸೋಣ ಅಂತ ಮೂರು ದಿನದಿಂದ ಕಾಯ್ತಾ ಇದೀನಿ. ಮಾಡೋದೆಲ್ಲಿಂದ? ಇದೋ ನೋಡಿ, ಈ ಫೋನು ಕೆಟ್ಟು ಕೂತಿದೆ. ನಾಳೆ ಶುಕ್ರವಾರ ವಿಚಾರಣೆ ಮುಗಿಸಿ ಕಾಗದಕ್ಕೆ ಸಹಿ ಹಾಕ್ತಾರಂತೆ. ಆಮೇಲೆ ಕೊಂಡಪ್ಪ ಗೇಟ್ ಒಳಗೂ ಕಾಲಿಡೋ ಹಂಗಿಲ್ಲ. ಬೇರೆ ಕಂಪ್ನಿಯೋರು ಕೇಳಿದ್ರೂ "ನಮ್ಮ ಕಂಪ್ಯೂಟ್ರು ಸುಟ್ಟೋನು" ಅಂತಾರೆ. ಅನ್ಯಾಯ ಅಲ್ವಾ? ಅನ್ಯಾಯಾನೇ!

ಏನಾಯ್ತು ಅಂತ ನಿಮಗೆ ಯಾರೂ ಬಿಡಿಸಿ ಹೇಳಿರಲ್ಲ. ನಾನ್ ಹೇಳ್ತೀನಿ. ನೀವು ಕಂಡಿಕೆಗೆ ನೂಲು ಸುತ್ತೋ ಶೆಡ್ಡಲ್ಲಿ ಎಷ್ಟು ಮಗ್ಗ ಇದಾವೆ? ಎಂಟು. ಒಂದು ಮಗ್ಗ ನಿಂತ್ರೆ ಒಂದು ಸೀರೆ ನಿಲ್ಲುತ್ತೆ, ಅಷ್ಟೆ. ಕರೆಂಟಿನ ಬೋರ್ಡೇ ಸುಟ್ರೆ? ಎಂಟಕ್ಕೆ ಎಂಟೂ ನಿಂತ್ಬಿಡುತ್ತೆ. ಸರ್ವರ್ ಅನ್ನೋದು ಹಂಗೆ. ಸ್ಟೋರಿಗೆ ಯಾವ ಬಟ್ಟೆ ಬಂತು, ಕಟಿಂಗಿಗೆ ಎಷ್ಟು ಹೋಯ್ತು, ಯಾವ ದೇಶದ ಆರ್ಡರಿಗೆ ಕಾಲರ್ ಎಷ್ಟು ಅಗಲ... ಇಡೀ ಫ್ಯಾಕ್ಟ್ರಿ ಅದೊಂದು ಪೆಟ್ಟಿಗೇನ ನಂಬ್ಕೊಂಡು ಕೂತಿರುತ್ತೆ. ಅದಕ್ಕೇ ಎರಡು ಪೆಟ್ಟಿಗೆ. ಮೊದಲನೇದರಲ್ಲಿ ಬರೆದಿದ್ದೆಲ್ಲಾ ತಾನಾಗೇ ಎರಡನೇದರಲ್ಲೂ ಬರ್ಕೊಳ್ಳುತ್ತೆ. ಒಂದು ಸತ್ರೆ ಇನ್ನೊಂದು ನಡೆಸ್ಬೇಕು. ಅರ್ಥ ಆಯ್ತಲ್ಲ?

ಇದನ್ನೇ ನಾನು ಕಲಿಸಿದ್ದು. ಬರೀ ಸ್ವಿಚ್ ಒತ್ತೋದಲ್ಲ ಕದಿರಮ್ಮನೋರೇ! ಯಾವ ಕೆಲ್ಸ ಯಾವ ಪೆಟ್ಟಿಗೇಲಿರ್ಬೇಕು, ಆ ಪೆಟ್ಟಿಗೆ ಎಲ್ಲಿರ್ಬೇಕು, ಅದಕ್ಕೆ ಕರೆಂಟು ಯಾವ ಕಡೆಯಿಂದ ಬರ್ಬೇಕು, ಕೆಟ್ಟಾಗ ಏನು ಗತಿ... ಎಲ್ಲಾನೂ ಮೊದ್ಲೇ ಯೋಚಿಸಿ ನಕ್ಷೆ ಬರೀಬೇಕು. ಹೆಡ್ಡಾಫೀಸಿನ ಒಬ್ಬ ಸೂಟಿನೋನು ಬಂದಿದ್ದ, ನನ್ನ ಮುಂದೇನೇ ಇಂಗ್ಲಿಷಲ್ಲಿ ಹೇಳ್ದ, ಗಾರ್ಮೆಂಟ್ಸ್ ಹುಡುಗ್ರಿಗೆ ಇದೆಲ್ಲಾ ತಲೆಗೆ ಹೋಗಲ್ಲ, ಅದೂ ಒಬ್ಬಳು ಹೆಂಗಸು ಕಲಿಸೋದು ಅಂತ. ನನಗೆ ಇಂಗ್ಲಿಷ್ ಬರಲ್ಲ ಅಂದ್ಕೊಂಡಿದ್ನೇನೋ! ನಾನೂ ಇಂಗ್ಲಿಷಲ್ಲೇ ಹೇಳ್ದೆ, ಆರು ತಿಂಗಳು ಬಿಟ್ಟು ಬಾ, ನೋಡ್ವಂತೆ. ಎಂಟು ಜನ ಕೂತ್ರು. ಎಂಟೂ ಜನ ಪಾಸು.

ಎಲ್ಲರಿಗಿಂತ ಮೇಲೆ ಯಾರು? ನಿಮ್ ಮಗ. ಸ್ಟೋರಲ್ಲಿ ದಾರದುಂಡೆ ಎಣಿಸ್ತಿದ್ದೋನು! ನಾನು ನಕ್ಷೆ ಬರ್ಕೊಂಡ್ ಬನ್ನಿ ಅಂದ್ರೆ ಮಿಕ್ಕೋರೆಲ್ಲಾ ಕೂತಲ್ಲೇ ಗೀಚಿದ್ರು. ಇವನು ಕಟಿಂಗ್ ಸೆಕ್ಷನ್ನಿನ ಟೇಪ್ ಇಸ್ಕೊಂಡು ಇಡೀ ಫ್ಯಾಕ್ಟ್ರಿ ಅಳೆದು, ಷರ್ಟಿನ ಅಳತೆ ಬರೀತಾರಲ್ಲ ಕಂದು ಕಾಗದ, ಅದರ ಮೇಲೆ ಬರ್ಕೊಂಡ್ ಬಂದ. "ಮೇಡಂ, ಆಫೀಸಿಗೆ ಕರೆಂಟು ಒಂದು ಟ್ರಾನ್ಸ್‌ಫಾರ್ಮರಿಂದ, ಅಂಗಳದ ಆಚೆ ಗೋಡೌನಿಗೆ ಇನ್ನೊಂದರಿಂದ. ಎರಡನೇ ಪೆಟ್ಟಿಗೆ ಗೋಡೌನಲ್ಲಿಡೋಣ" ಅಂದ. ನನಗೇ ಹೊಳೆದಿರ್ಲಿಲ್ಲ ಅದು. ಪುಸ್ತಕದಲ್ಲಿ ಇದ್ದಿದ್ದು "ಬೇರೆ ಜಾಗ" ಅಂತ ಮಾತ್ರ. ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ಹೋಗಿ ನಿಂತು ನೋಡ್ಕೊಂಡು ಬಂದಿದ್ದು ಅವನು! ಅವನ ನಕ್ಷೆ ಪ್ರಕಾರಾನೇ ಇಟ್ವಿ. ಗೋಡೌನಿನ ಬೀಗದ ಕೈಯನ್ನೂ ಅವನ ಕೈಗೇ ಕೊಟ್ಟೆ.

ಅದೇ ಬೀಗದ ಕೈ ಈಗ ಅವನ ಕುತ್ತಿಗೆಗೆ ಬಂತು. "ಕೈ ಇದ್ದಿದ್ದು ನಿನ್ನ ಹತ್ರ, ಪೆಟ್ಟಿಗೇನ ಗೋಡೌನಿಂದ ಆಚೆ ತಂದೋನೂ ನೀನೇ" ಅಂತಾರೆ.

ಆಯುಧಪೂಜೆ ದಿನ ಶುರುವಾಗಿದ್ದು ಇದು. ನಿಮಗೆ ಗೊತ್ತಲ್ಲ, ಆವತ್ತು ಎಲ್ಲಾ ಮಿಷನ್ ನಿಲ್ಸಿ, ಒರೆಸಿ, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚ್ತೀವಿ. ಆಫೀಸಲ್ಲಿ ಒಂದು ದೊಡ್ಡ ಮೇಜು ಹಾಕಿದ್ರು. ಅದರ ಮೇಲೆ ಮೊದಲನೇ ಪೆಟ್ಟಿಗೆ, ಪಕ್ಕದಲ್ಲಿ ಗೋಡೌನಿಂದ ತಂದ ಎರಡನೇದು. ಎರಡಕ್ಕೂ ಸೇವಂತಿಗೆ ಹಾರ. ಕರೆಂಟ್ ಏರಿಳಿದ್ರೆ ಪೆಟ್ಟಿಗೆ ಕಾಯೋ ಬ್ಯಾಟರಿ ಇತ್ತಲ್ಲ, ಅದರ ತಂತಿನೂ ಕಿತ್ತು ಪೂಜೆಗಿಟ್ಟಿದ್ರು. ಪೂಜೆಗಿಟ್ಟಿದ್ದನ್ನ ಆವತ್ತು ಕದಲಿಸೋ ಹಂಗಿಲ್ಲ. ಮಾರನೇ ದಿನ ವಿಜಯದಶಮಿ ಮುಹೂರ್ತಕ್ಕೆ ಇದ್ದ ಜಾಗದಲ್ಲೇ ಚಾಲೂ ಮಾಡ್ಬೇಕು. ಒಂಬತ್ತೂ ಇಪ್ಪತ್ತಕ್ಕೆ ಫ್ಯಾಕ್ಟ್ರಿ ಸಾಹೇಬ್ರು ಎದುರಿಗೆ ನಿಂತ್ಕೊಂಡು "ಹಾಕಪ್ಪಾ" ಅಂದ್ರು, ಕೊಂಡಪ್ಪ ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಸಿ ಸ್ವಿಚ್ ಹಾಕ್ದ. ಐದು ನಿಮಿಷ ಆಗಿತ್ತಂತೆ. ಕರೆಂಟ್ ಹೋಯ್ತು, ತಕ್ಷಣ ಬಂತು... ಬಂತು ಅಂದ್ರೆ ಹೆಂಗ್ ಬಂತು! ಟ್ಯೂಬ್‌ಲೈಟೆಲ್ಲಾ ಚಟಚಟ. ಎರಡು ಪೆಟ್ಟಿಗೆನೂ ಹೊಗೆ. ಕ್ಯಾಸೆಟ್ಟಿನಂಥ ಟೇಪಲ್ಲಿ ಎಲ್ಲದರ ನಕಲು ಇಡ್ತೀವಿ, ಅದೂ ಇದ್ದಿದ್ದು ಗೌರಿಹಬ್ಬದವರೆಗಿಂದು ಮಾತ್ರ, ಆ ಟೇಪಿನ ಮಿಷನ್ ರಿಪೇರಿ ಮಾಡ್ಸಿ ಮಾಡ್ಸಿ ಅಂತ ನಾನು ಬಾಯಿ ಬಡ್ಕೊಂಡಿದ್ದೆ. ಒಂದೂಕಾಲು ತಿಂಗಳ ಕೆಲ್ಸ ಬೂದಿ. ಗೋಡೌನಲ್ಲಿ ಏನಾಯ್ತು ಗೊತ್ತಾ? ಒಂದು ಬಲ್ಬೂ ಹೋಗ್ಲಿಲ್ಲ. ಒಂದೂ!

ಹಂಗೆ ನೋಡ್ಬೇಡಿ. ನಾನಾ? ಆಯುಧಪೂಜೆ ದಿನ ನಾನು ನಲ್ಲೂರಲ್ಲಿ ಚಿಕ್ಕಮ್ಮನ ಮನೇಲಿ ಪೂಜೆ ಮುಗಿಸ್ಕೊಂಡು ಬಂದಾಗ ಹನ್ನೆರಡಾಗಿತ್ತು. ಅಷ್ಟೊತ್ತಿಗೆ ಎರಡೂ ಹೂವ ಮುಡ್ಕೊಂಡು ಕೂತಿದ್ವು. ಯಾರು ತಂದ್ರೋ, ಏನೋ. ವಿಚಾರಣೇಲೂ ಇದನ್ನೇ ಹೇಳಿದೀನಿ. ಹೂವ ಇಟ್ಟ ಮೇಲೆ ಎತ್ರೋ ಅಂತ ಯಾರು ಹೇಳ್ತಾರೆ? ನೀವು ಹೇಳ್ತಿದ್ರಾ? ಪೂಜಾರಿ ಅವಸರ ಮಾಡ್ದ, ಇನ್ನೂ ನಾಲ್ಕು ಫ್ಯಾಕ್ಟ್ರಿ ಇದೆ, ಗೋಡೌನಿಗೆಲ್ಲಾ ಬರಕ್ಕಾಗಲ್ಲ ಅಂತ. ಸಾಹೇಬ್ರಿಗೆ ಮುಹೂರ್ತದ ಹುಚ್ಚು. ಬೈಯೋದಾದ್ರೆ ಇವರನ್ನೆಲ್ಲಾ ಬೈಬೇಕು! ಒಬ್ಬ ಬಡಪಾಯಿ ಸಿಕ್ದ, ಅವನ ತಲೆಗೆ ಕಟ್ಟಿ ಎಲ್ಲರೂ ಕೈ ತೊಳ್ಕೊಂಡ್ರು.

...

ಅದು... ಫೋನ್ ರಿಂಗಾಗ್ಲಿ ಬಿಡಿ. ಯಾರೋ ರಾಂಗ್ ನಂಬರು.

ಯಾಕೆ, ಏನಾಯ್ತು? ಹೌದು, ಕೆಟ್ಟಿದೆ ಅಂದೆ. ಕೆಟ್ಟಿದೆ! ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಹಂಗೂ ಕೆಡುತ್ತೆ ಫೋನು, ನಿಮಗೇನು ಗೊತ್ತು... ತಪ್ಪು ತಿಳೀಬೇಡಿ. ಬೈದಿದ್ದಲ್ಲ ನಿಮ್ಮನ್ನ.

ನಿಂತೋಯ್ತು. ಸದ್ಯ.

ನೋಡಿ, ನನ್ನ ಕಷ್ಟಾನೂ ಒಂಚೂರು ಕೇಳಿ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಮೂರು ಕಡೆ ಇದೇ ಕಂಪ್ನಿ ಫ್ಯಾಕ್ಟ್ರಿಗೂ ನಾನೇ ಕಲಿಸ್ಬೇಕು ಅಂತ ಮಾತಾಗಿದೆ. ಇನ್ನೂ ಇಪ್ಪತ್ನಾಲ್ಕು ಜನ! ಅದರಲ್ಲಿ ಒಂಬತ್ತು ಜನ ಹೆಣ್ಮಕ್ಕಳು, ಹೊಲಿಗೆ ಲೈನಿಂದ ನಾನೇ ಆರಿಸಿದೋರು. ನನ್ನ ಹೆಸರು ಕೆಟ್ರೆ ಆ ಸೂಟಿನೋನು ಏನಂತಾನೆ? "ನಾನ್ ಹೇಳ್ಲಿಲ್ವಾ" ಅಂತಾನೆ. ಅವನ ಬಾಯಲ್ಲಿ ಆ ಮಾತು ಬರಕ್ಕೆ ನಾನು ಬಿಡಲ್ಲ. ಬಿಡಲ್ಲ ಕದಿರಮ್ಮನೋರೇ! ಆಮೇಲೆ ಕೊಂಡಪ್ಪನ್ನ ನಾನೇ ಎಲ್ಲಾದ್ರೂ ಸೇರಿಸ್ತೀನಿ. ಒಂದು ವರ್ಷ ಕಳೀಲಿ. ಅವನಿಗೇನು, ಇನ್ನೂ ಇಪ್ಪತ್ತಾರು...

ಬೈರಿ ಬೇಕಾದ್ರೆ. ಹಿಂಗೆ ಪುಸ್ತಕದ ಮೇಲೆ ಕೈಯಿಟ್ಕೊಂಡು ಕೂತ್ರೆ ನಾನೇನ್ ಮಾಡ್ಲಿ?

ಅಷ್ಟಕ್ಕೂ ಒಬ್ಬನೇ ತರೋಕಾಗುತ್ತಾ ಅದನ್ನ? ಅಷ್ಟೂ ಗೊತ್ತಾಗಲ್ವಾ ಆ ವಿಚಾರಣೆ ಮಾಡೋರಿಗೆ! ಕಬ್ಬಿಣದ ಪೆಟ್ಟಿಗೆ ಅದು. ಎಷ್ಟು ಭಾರ ಅಂತೀರಾ! ಅಂಗಳದ ಅರ್ಧಕ್ಕೆ ಬರೋದ್ರೊಳಗೆ ಅದರ ಅಂಚು ಒತ್ತಿ ಒತ್ತಿ ನನ್ ಬೆರಳೆಲ್ಲಾ...

...

ಹೂಂ.

ನನ್ ಬೆರಳೆಲ್ಲಾ ಕೆಂಪಗಾಗಿತ್ತು.

ಹೌದು! ನಾನೇ! ಒಂದು ಕಡೆ ಅವನು, ಒಂದು ಕಡೆ ನಾನು. ಒಂಬತ್ತು ಗಂಟೆ ಇನ್ನೂ ಆಗಿರ್ಲಿಲ್ಲ, ಯಾರೂ ಬಂದಿರ್ಲಿಲ್ಲ. ಆಮೇಲೆ ನಲ್ಲೂರಿಗೆ ಹೋಗಿ ಬಂದೆ. ತರೋಣ ಬಾ ಅಂದಿದ್ದು ನಾನು. ಪೂಜಾರಿ ಅಲ್ಲ, ಸಾಹೇಬ್ರಲ್ಲ. ಹೆಡ್ಡಾಫೀಸಿಗೆ ಫೋಟೋ ಕಳಿಸ್ತಾರೆ ಅಂತ ಗೊತ್ತಾಯ್ತು. ಎರಡು ಪೆಟ್ಟಿಗೆ ಹಾರ ಹಾಕ್ಕೊಂಡು ಪಕ್ಕಪಕ್ಕ ಕೂತಿರ್ಬೇಕು, ಆ ಸೂಟಿನೋನು ನೋಡ್ಬೇಕು, ಪ್ರಮೋದಾ ಮಾಡಿಸಿದ್ದು ಇದು ಅಂತ... ಅಷ್ಟೇ ನನ್ನ ತಲೇಲಿದ್ದಿದ್ದು.

ಅವನು ಬೇಡ ಅಂದ. ಗೋಡೌನ್ ಬಾಗಿಲಲ್ಲೇ ನಿಂತ್ಬಿಟ್ಟ. "ಮೇಡಂ, ಇದು ಇಲ್ಲೇ ಇರ್ಲಿ. ಇಲ್ಲೇ ಒಂದು ನಿಂಬೆಹಣ್ಣಿಟ್ಟು ಕೈಮುಗಿಯೋಣ" ಅಂದ. ನಾನು ನಕ್ಬಿಟ್ಟೆ. "ಒಂದೇ ಒಂದು ದಿನಕ್ಕೆ ಏನಾಗುತ್ತೋ, ದೇವರ ಮುಂದೆ ಇಡ್ತಾ ಇರೋದು" ಅಂದೆ. ಮೇಡಂ ಹೇಳಿದ ಮೇಲೆ ಅವನೇನ್ ಮಾಡ್ತಾನೆ? ಬೀಗ ತೆಗೆದ.

ಆಯ್ತಲ್ಲ, ನನ್ನ ಬಾಯಲ್ಲೇ ಬರ್ಲಿ ಅಂತ ತಾನೆ ಇಷ್ಟೊತ್ತು ಕಲ್ಲಿನ ಹಂಗೆ ಕೂತಿದ್ದು? ಅವನು ಮನೇಲಿ ಎಲ್ಲಾ ಹೇಳಿ ಕಳಿಸಿದಾನೆ, ಮೇಡಂ ಎಷ್ಟು ಸುಳ್ಳು ಹೇಳ್ತಾಳೋ ನೋಡ್ಕೊಂಡು ಬಾ ಅಂತ... ಯಾಕೆ ತಲೆ ಅಲ್ಲಾಡಿಸ್ತೀರಾ? ಏನು ಇಲ್ಲ? ಹೇಳಿಲ್ವಾ?

ನಿಮಗೂ ಹೇಳಿಲ್ವಾ?

ಮತ್ತೆ ಏನಂದ? "ನನ್ನ ಕೈತಪ್ಪು" ಅಂದ್ನಾ? ಹೆತ್ತ ತಾಯಿ ಹತ್ರಾನೂ ಅದನ್ನೇ ಅಂದ್ನಾ? ಕದಿರಮ್ಮನೋರೇ... ಹಂಗಾದ್ರೆ ನಿಮಗೆ ಏನೂ ಗೊತ್ತಿರ್ಲಿಲ್ಲ. ಸುಮ್ನೆ ಪುಸ್ತಕ ಕೊಟ್ಟು ಹೋಗೋಕೆ ಬಂದ್ರಿ.

ಅಳ್ಬೇಡಿ. ದಯವಿಟ್ಟು ಅಳ್ಬೇಡಿ. ನನ್ನ ಬೈರಿ, ಹೊಡೀರಿ, ಈ ಮೇಜನ್ನ ಎತ್ತಿ ಬಿಸಾಕಿ. ನಾಚಿಕೆ ಆಗ್ತಿದೆ ನನಗೆ. ಎಂಟು ಜನಕ್ಕೆ ಮೇಷ್ಟ್ರು ನಾನು... ಥೂ.

ಎಲ್ಲಿಗೆ ಎದ್ರಿ? ಅದನ್ಯಾಕೆ ಮತ್ತೆ ಟವೆಲಲ್ಲಿ ಸುತ್ತಾ ಇದೀರಾ? ನನಗೆ ಕೊಡೋಕೆ ಅಂತ ತಾನೆ ತಂದಿದ್ದು... ಕೊಡಲ್ವಾ? ಸರಿ. ಕೊಡ್ಬೇಡಿ. ಅವನ ಹತ್ರಾನೇ ಇರ್ಲಿ. ಬೇಕಾಗುತ್ತೆ ಅವನಿಗೆ.

ನಿಲ್ಲಿ. ಒಂದು ನಿಮಿಷ ನಿಲ್ಲಿ. ಆ ಫೋನ್ ಈ ಕಡೆ ತಳ್ಳಿ. ಹೋಗುತ್ತೆ, ಹೊರಗೂ ಹೋಗುತ್ತೆ ಅದು. ಚೆನ್ನಾಗೇ ಇದೆ. ನೀವು ಇಲ್ಲೇ ನನ್ನೆದುರಿಗೇ ನಿಂತಿರಿ, ಇಲ್ದಿದ್ರೆ ನಾನು ಮತ್ತೆ ಏನೋ ಒಂದು ಹೇಳ್ಬಿಡ್ತೀನಿ.

...ಹಲೋ? ಹೆಡ್ಡಾಫೀಸಾ? ವಿಚಾರಣೆ ನೋಡ್ತಿರೋ ಸಾಹೇಬ್ರಿಗೆ ಕೊಡಿ. ದೊಡ್ಡಬಳ್ಳಾಪುರದಿಂದ ಪ್ರಮೋದಾ ಅಂತ. ಕಾಯ್ತೀನಿ... ನಮಸ್ಕಾರ ಸಾರ್. ಕೊಂಡಪ್ಪನ ವಿಷಯ. ಅಲ್ಲ ಸಾರ್, ಅವನ ತಪ್ಪಿಲ್ಲ ಅಂತ ಹೇಳೋಕಲ್ಲ. ಅದನ್ನ ಮೂರು ದಿನದಿಂದ ಊರಿಗೆಲ್ಲಾ ಹೇಳ್ಕೊಂಡ್ ಬಂದಿದೀನಿ. ತಪ್ಪು ನಂದು ಅಂತ ಹೇಳೋಕೆ.