‘ಹುಡುಗರು’ ಅಂದರೆ ಯಾರ್ಯಾರು

ಸಭೆಯ ಎಲ್ಲ ಹಿರಿಯರಿಗೂ, ತಾಯಂದಿರಿಗೂ, ಮೃಣಾಲಿನಿ ಅಕ್ಕಾರ ಕೈಯಲ್ಲಿ ಕಲಿತು ಇವತ್ತು ದೂರದೂರದಿಂದ ಬಂದವರಿಗೂ ನನ್ನ ನಮಸ್ಕಾರ. ಒಡಹುಟ್ಟಿದ ಅಕ್ಕನನ್ನು ಕಳೆದುಕೊಂಡ ವಿಜಯೀಂದ್ರರಾಯರೆ, ನಿಮಗೆ ನಮಸ್ಕಾರ. ಭಾವನಾ — ನಿನಗೆ ಏನು ಹೇಳಲಿ? ತಾಯಿ ಹೋದ ಮಗಳಿಗೆ ಹೇಳುವಂಥದ್ದು ಏನೂ ಇರುವುದಿಲ್ಲ. ಸುಮ್ಮನೆ ಕೇಳು, ಅಷ್ಟೇ.

ನನ್ನ ಗುರುತಿಲ್ಲದವರಿಗಾಗಿ ಹೇಳುತ್ತೇನೆ. ನಾನು ಸಂಗನಬಸವ, ಈ ಸಾಲಿಯಲ್ಲಿ ಚಿತ್ರಕಲಾ ಮಾಸ್ತರನಾಗಿದ್ದೆ. ಮೃಣಾಲಿನಿ ಅಕ್ಕಾರು ವಿಜ್ಞಾನ ಕಲಿಸುತ್ತಿದ್ದರು — ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕಾರೇ. ಒಂದೇ ಸ್ಟಾಫ್‌ರೂಮು, ಎದುರುಬದುರು ಟೇಬಲ್ಲು. ಬಿ.ಎ. ಓದುವಾಗ ಒಂದು ಇಂಗ್ಲಿಷ್ ಶಬ್ದ ಕಲಿತಿದ್ದೆ — ಇರ್ರಿಪೇರಬಲ್ ಲಾಸ್. ರಿಪೇರಿ ಆಗದ ನಷ್ಟ ಅಂತ ಅರ್ಥವಿರಬೇಕು. ಇಂಥ ಸಭೆಗಳಲ್ಲಿ ಎಲ್ಲರೂ ಬಳಸುವ ಶಬ್ದ. ಆದರೆ ಅಕ್ಕಾರ ಮುಂದೆ ‘ರಿಪೇರಿ ಆಗೂದಿಲ್ಲ’ ಅಂದರೆ ಅವರು ಬಿಡುತ್ತಿರಲಿಲ್ಲ. ‘ಬಿಚ್ಚಿ ನೋಡೀರೇನು?’ ಅಂತ ಕೇಳುತ್ತಿದ್ದರು. ಅದಕ್ಕೇ ಆ ಶಬ್ದ ಬಿಡುತ್ತೇನೆ.

ಹೆಡ್‌ಮಾಸ್ತರ ಏಕನಾಥ ಸರ್ ಆಗಲೇ ನನ್ನ ಕಿವಿಯಲ್ಲಿ ‘ಬಿ ಬ್ರೀಫ್’ ಅಂದಿದ್ದಾರೆ. ಸರ, ನಾನು ಯಾವತ್ತು ಬ್ರೀಫ್ ಆಗಿದ್ದೆ?

ಈ ಸಾಲಿಗೆ ಹೊಸ ವೃತ್ತಿ ವಿಷಯಗಳು ಬಂದ ವರ್ಷ ನಿಮಗೆ ನೆನಪಿರಬೇಕು. ಎರಡು ವಿಷಯ — ಒಂದು ಆಟೊಮೊಬೈಲ್, ಒಂದು ಬ್ಯೂಟಿ ಅಂಡ್ ವೆಲ್‌ನೆಸ್. ಏಕನಾಥ ಸರ್ ಹೇಳಿದರು, ನಾನು ಬೋರ್ಡಿನ ಮೇಲೆ ಬಣ್ಣದ ಖಡುವಿನಿಂದ ಬರೆದೆ. ಅಕ್ಷರ ಚಂದ ಇದ್ದವನಿಗೆ ಯಾವ ಸಾಲಿಯಲ್ಲೂ ಬಿಡುವು ಇರುವುದಿಲ್ಲ. ‘ಆಟೊಮೊಬೈಲ್ — ಹುಡುಗರು’ ಅಂತ ಬರೆದು ಬಾಜೂಕ ಒಂದು ಸ್ಕೂಟರ್ ತೆಗೆದೆ. ‘ಬ್ಯೂಟಿ — ವಿದ್ಯಾರ್ಥಿನಿಯರು’ ಅಂತ ಬರೆದು ಒಂದು ಹಣಿಗೆ ತೆಗೆದೆ. ಹಣಿಗೆ ಬಹಳ ಚಂದ ಬಂದಿತ್ತು.

ಅಕ್ಕಾರು ಬಂದರು. ಬೋರ್ಡಿನ ಮುಂದೆ ನಿಂತರು — ಹೀಗೆ, ಚಷ್ಮಾ ಹಣೆಯ ಮೇಲೆ ಏರಿಸಿ, ಸೆರಗು ಸೊಂಟಕ್ಕೆ ಸಿಗಿಸಿ. ಒಂಬತ್ತನೇ ತರಗತಿಗೆ ಹೋಗಿ, ಬರುತ್ತೇವೆ ಎಂದ ಏಳೆಂಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಸೀದಾ ಹೆಡ್‌ಮಾಸ್ತರ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ.

“ಸರ, ಆಟೊಮೊಬೈಲಿಗೆ ಇವರ ಹೆಸರು ಹಚ್ಚಿಕೋರಿ.”

“ಅಕ್ಕಾರ, ಅದು ಹುಡುಗೂರಿಗೆರಿ.”

“ಹೌದಲ್ರಿ. ಹುಡುಗೂರನ್ನ ಕರಕೊಂಡ ಬಂದೀನಿ.”

“ಇವರು ಹುಡಿಗ್ಯಾರು!”

“ನಿನ್ನೆ ಪ್ರಾರ್ಥನಾದಾಗ ನೀವ ಅಂದ್ರಿ — ಹುಡುಗೂರೆಲ್ಲಾ ಊಟದ ತಾಟು ತೊಳದಿಡ್ರಿ ಅಂತ. ಆವಾಗ ಇವರೇ ತೊಳದರಲ್ರಿ? ತಾಟು ತೊಳಿಯೋವಾಗ ಹುಡುಗೂರೊಳಗ ಇವರೂ ಬರತಾರ, ಗಾಡಿ ಬಿಚ್ಚೋವಾಗ ಬರೂದಿಲ್ಲೇನು?”

ನಗಬೇಡಿ — ನಗಿರಿ, ನಗಿರಿ, ಅಕ್ಕಾರು ಬೇಡ ಅನ್ನುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಹಾಗೇ ಅಲ್ಲವೇ? ‘ಸಾಲಿ ಹುಡುಗೂರು ಬಂದ್ರು’ ಅಂದರೆ ಗಂಡೂ ಬಂತು, ಹೆಣ್ಣೂ ಬಂತು. ‘ಮನ್ಯಾಗ ಎಷ್ಟು ಹುಡುಗೂರು?’ ಅಂತ ಕೇಳಿದರೆ ಯಾವ ತಾಯಿಯೂ ಹೆಣ್ಣುಮಕ್ಕಳನ್ನು ಬಿಟ್ಟು ಹೇಳುವುದಿಲ್ಲ. ಶಬ್ದ ದೊಡ್ಡದಾಗಿತ್ತು, ನಾವು ಅದನ್ನು ಬೋರ್ಡಿನ ಮೇಲೆ ಸಣ್ಣದು ಮಾಡಿ ಬರೆದಿದ್ದೆವು.

ಏಕನಾಥ ಸರ್ ನನ್ನ ಕಡೆ ನೋಡಿದರು. “ಮಾಸ್ತರ, ಬರದವರು ನೀವು. ನೀವ ಹೇಳ್ರಿ.” ನನಗೆ ಥಟ್ಟನೆ ಕಾಲೇಜಿನ ಗ್ರಾಮರ್ ನೆನಪಾಯಿತು. “ಸರ, ಇದು ನ್ಯೂಟರ್ ಜೆಂಡರ್ ರೀ” ಅಂದುಬಿಟ್ಟೆ. ಅಕ್ಕಾರು ನನ್ನ ಕಡೆ ತಿರುಗಿ, “ನ್ಯೂಟರ್ ಅಂದ್ರ ಟೇಬಲ್ಲು, ಕುರ್ಚಿ, ಮಾಸ್ತರ. ಕಾಮನ್ ಜೆಂಡರ್ ಅನ್ರಿ” ಅಂದರು. “ಕಾಮನ್ ಜೆಂಡರ್, ಸರ” ಅಂದೆ. ಏಕನಾಥ ಸರ್ ನಕ್ಕರು, ಹೆಸರು ಹಚ್ಚಿಕೊಂಡರು. ಆ ನಗೆಗಾಗಿ ಸರ, ನಿಮಗೆ ಇವತ್ತು ಎಲ್ಲರ ಮುಂದೆ ಧನ್ಯವಾದ ಹೇಳುತ್ತೇನೆ. ಬೇರೆ ಯಾರಾದರೂ ಇದ್ದಿದ್ದರೆ ಮೇಲಿನವರ ಆದೇಶ ಕೇಳುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕಾರು ಹೊರಗೆ ಬಂದು, “ಮಾಸ್ತರ, ಆ ಹಣಿಗಿ ಮ್ಯಾಲಿಂದು ವಿದ್ಯಾರ್ಥಿನಿಯರು ಅಂತ ಅದ ನೋಡ್ರಿ, ಅದನ್ನ ಎಷ್ಟ ಎಳದ್ರೂ ಗಂಡ್ಸಮಕ್ಕಳು ಒಳಗ ಹಿಡಿಯೂದಿಲ್ಲ. ಒರಸರಿ, ಅಲ್ಲೂ ಹುಡುಗರು ಅಂತನ ಬರೀರಿ” ಅಂದರು. ಒರೆಸಿ ಬರೆದೆ. ಮರುದಿನ ದಾನೀಶ್ ಎಂಬವನು ನಾಚಿಕೊಳ್ಳುತ್ತ ಹೆಸರು ಕೊಟ್ಟ. ಇವತ್ತು ಅಣ್ಣಿಗೇರಿಯಲ್ಲಿ ಅವನದೊಂದು ಸಲೂನ್ ಇದೆ. ನನ್ನ ತಲೆಯ ಮೇಲೆ ಉಳಿದಿರುವಷ್ಟನ್ನು ಅವನೇ ನೋಡಿಕೊಳ್ಳುತ್ತಾನೆ.

ಮಾತು ಎಲ್ಲೆಲ್ಲೋ ಹೋಗುತ್ತಿದೆ. ಇರಲಿ. ಇದೊಂದು ನನ್ನ ಮನೆಯ ಮಾತು, ಹೇಳಲೇಬೇಕು.

ನನ್ನಾಕೆ ರೇವವ್ವ ತೀರಿಕೊಂಡ ಮೇಲೆ ನಾನು ಬರೀ ಚುರುಮುರಿ, ಬಾಳೆಹಣ್ಣಿನ ಮೇಲೆ ಇದ್ದೆ. ಅಡಿಗೆಮನೆಗೆ ಹೋದರೆ ಯಾವ ಡಬ್ಬಿಯಲ್ಲಿ ಏನಿದೆ ಗೊತ್ತಿಲ್ಲ. ಒಂದು ದಿನ ಅಕ್ಕಾರು ಬಂದರು. ಡಬ್ಬಿ ತಂದಿರಬಹುದು ಅಂತ ಅವರ ಕೈ ನೋಡಿದೆ — ಬರಿಗೈ! “ನಾ ಊಟಾ ತಂದಿಲ್ಲ ಮಾಸ್ತರ. ನಿಮಗ ಅಡಿಗಿ ಕಲಸ್ಲಿಕ್ಕೆ ಬಂದೀನಿ” ಅಂದರು. ಒಲೆಯ ಮುಂದೆ ನಿಲ್ಲಿಸಿದರು. ತಾವು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತು ಹೇಳುತ್ತ ಹೋದರು, ಒಂದು ಸೌಟನ್ನೂ ಮುಟ್ಟಲಿಲ್ಲ. “ಒಗ್ಗರಣಿ ಹೊತ್ತೇತ್ರಿ!” ಅಂದೆ. “ಹೊತ್ತಲಿ. ಹೊತ್ತಿದ್ದು ಹೆಂಗಿರತದ ಅಂತ ಗೊತ್ತಾಗಬೇಕು” ಅಂದರು. ಆ ಕಡಲೆಹಿಟ್ಟಿನ ಜುಣಕವನ್ನು ಹೇಗೋ ತಿಂದು ಮುಗಿಸಿದೆ. “ಹೆಂಗಾಗೇದ?” ಅಂದರು. “ಜಸ್ಟ್ ಪಾಸ್ ರೀ” ಅಂದೆ. “ರೇವವ್ವನ ಅಡಿಗಿಗೆ ಯಾವತ್ತರ ಇಷ್ಟ ಮಾರ್ಕ್ಸ್ ಕೊಟ್ಟಿದ್ರೇನು?” ಅಂದರು.

— ಒಂದು ನಿಮಿಷ. ನೀರು ಕುಡಿಯುತ್ತೇನೆ.

ಅಕ್ಕಾರು ಎಲ್ಲ ಹುಡುಗಿಯರೂ ಗಾಡಿ ಬಿಚ್ಚಲಿ, ಎಲ್ಲರೂ ಇಂಜಿನಿಯರ್ ಆಗಲಿ ಅನ್ನುತ್ತಿದ್ದರು ಅಂತ ಕೆಲವರು ತಿಳಿದಿದ್ದಾರೆ. ಅದು ಸುಳ್ಳು. ಸಾಕ್ಷಿ ಇಲ್ಲೇ ಮುಂದೆ ಕುಳಿತಿದ್ದಾಳೆ. ಭಾವನಾ, ಹೇಳಲೇನು? ಹೂಂ ಅಂತ ತಲೆ ಆಡಿಸಿದಳು. ಈಕೆಗೆ ಪಿಯುಸಿಯಲ್ಲಿ ಸಾಯನ್ಸ್ ಹಚ್ಚಿದರು. ಈಕೆ ಬ್ಯೂಟಿ ಪಾರ್ಲರ್ ಹಾಕುತ್ತೇನೆ ಅಂದಳು. ವಿಜ್ಞಾನದ ಅಕ್ಕಾರ ಮಗಳು! ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಸ್ಟಾಫ್‌ರೂಮಿನಲ್ಲಿ ಅಕ್ಕಾರ ಮುಖ ನೋಡಲಾಗುತ್ತಿರಲಿಲ್ಲ. ಕಡೆಗೆ ಹುಬ್ಬಳ್ಳಿಯಲ್ಲಿ ಪಾರ್ಲರ್ ತೆರೆದ ದಿನ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿಯ ಮೇಲೆ ಕುಳಿತವರು ಅಕ್ಕಾರೇ. ಮರುದಿನ ಸಾಲಿಗೆ ಬಂದಾಗ ಹುಬ್ಬು ಎರಡೂ ಹೀಗೆ — ಬಿಲ್ಲಿನ ಹಾಗೆ! ಏನೇ ಹೇಳಿದರೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿದ್ದರು. ನಾವು ಯಾರೂ ನಗಲಿಲ್ಲ. ಧೈರ್ಯ ಇರಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಕುಬಿಹಾಳದ ಲಕ್ಕಪ್ಪನವರು ಬಾಗಿಲ ಹತ್ತಿರ ಕುಳಿತಿದ್ದಾರೆ. ಅವರ ಬಾಜೂಕ ಮಗಳು ನಂದಾ. ಈ ವರ್ಷ ಹತ್ತನೇ ತರಗತಿ ಪಾಸಾದಳು, ನಮ್ಮ ಸಾಲಿಯಲ್ಲಿ ಆಟೊಮೊಬೈಲ್ ಕಲಿತವಳು. ಹುಬ್ಬಳ್ಳಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿದೆ. ಪ್ರವೇಶ ಪಡೆಯಲು ನಾಡಿದ್ದು ಮಂಗಳವಾರ ಕಡೆಯ ದಿನ. ತಂದೆ ಒಪ್ಪಿಲ್ಲ.

ಎರಡು ವಾರದ ಹಿಂದೆ ಅಕ್ಕಾರು ಮತ್ತು ನಾನು ಅವರ ಮನೆಗೆ ಹೋಗಿದ್ದೆವು. ಲಕ್ಕಪ್ಪ ಚಹಾ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. “ನಿಮ್ಮಂಗ ಅಕ್ಕಾರ ಆಗಲಿ ಅಂತೀನ್ರಿ. ಆರ್ಟ್ಸ್ ಹಚ್ಚತೀನಿ, ಬಿ.ಎಡ್ ಮಾಡಲಿ. ಚಂದಂಗ ಸೀರಿ ಉಟಗೊಂಡು ಕುರ್ಚಿ ಮ್ಯಾಲೆ ಕುಂದ್ರತಾಳ. ಗಾಡಿ ಬುಡಕ ಮಲಗೂ ಹುಡುಗೀನ್ನ ಯಾರ ಲಗ್ನಾ ಮಾಡ್ಕೋತಾರ್ರಿ?”

“ನಾ ಕುರ್ಚಿ ಮ್ಯಾಲೆ ಕೂತದ್ದು ಯಾವತ್ತ ನೋಡೀರಿ, ಲಕ್ಕಪ್ಪ?”

ಒಳಗಿನಿಂದ ನಂದಾ, “ಅಪ್ಪಾ, ಡಿಪ್ಲೊಮಾ ಅಂದ್ರ ಬರೇ ಬುಡಕ ಮಲಗೂದಲ್ಲ” ಅಂದಳು.

“ನೀ ಸುಮ್ಕಿರ ಬೇ!” ಅಂದ ಲಕ್ಕಪ್ಪ ಅಕ್ಕಾರ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು, “ಸಿಟ್ಟಾಗಬ್ಯಾಡ್ರಿ, ಅಕ್ಕಾರ. ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನ್ರಿ?”

ಅಕ್ಕಾರು ಸಿಟ್ಟಾಗಲಿಲ್ಲ. “ನನ್ನ ಮಗಳಿಗೆ ನನಗ ಬೇಕಾದ್ದ ಹಚ್ಚಬೇಕಂತ ಎರಡು ವರ್ಷ ಜಗಳಾಡೀನಿ, ಲಕ್ಕಪ್ಪ. ಸೋತೆ. ಸೋತ ಮ್ಯಾಲೆ ಮಗಳು ಮತ್ತ ನನ್ನ ಜೋಡಿ ಮಾತಾಡ್ಲಿಕ್ಕೆ ಹತ್ತಿದಳು. ಈಗ ಸೋಲೂ ಪಾಳಿ ನಿಮ್ಮದು” ಅಂದರು.

ಲಕ್ಕಪ್ಪ, “ವಿಚಾರ ಮಾಡತೀನ್ರಿ” ಅಂದರು. “ಮಾಡ್ರಿ. ಎರಡು ವಾರ ಬಿಟ್ಟು ಐತವಾರ ನಾನ ಬಂದು ಕೇಳತೀನಿ” ಅಂತ ಹೇಳಿ ಅಕ್ಕಾರು ಎದ್ದರು. ಎರಡು ದಿನಕ್ಕೆ ಎದೆನೋವು ಬಂತು. ಮುಂದಿನದು ನಿಮಗೆ ಗೊತ್ತಿದೆ.

ಆ ಐತವಾರ ಇವತ್ತು.

ಶ್ರದ್ಧಾಂಜಲಿ ಸಭೆಯಲ್ಲಿ ಇಂಥದ್ದು ಕೇಳಬಾರದು, ಒಬ್ಬ ತಂದೆಯನ್ನು ನಾಲ್ಕು ಜನರ ಮುಂದೆ ಸಿಕ್ಕಿಸಬಾರದು. ಅದಕ್ಕೇ ಲಕ್ಕಪ್ಪನವರೆ, ನಾನು ಉತ್ತರ ಕೇಳುವುದಿಲ್ಲ. ಅಕ್ಕಾರು ಬರುತ್ತೇನೆ ಅಂದಿದ್ದರು, ಬರಲಾಗಲಿಲ್ಲ — ಅದಷ್ಟನ್ನೇ ತಿಳಿಸುತ್ತಿದ್ದೇನೆ. ಬೇಡ ಅನ್ನುವ ಹಕ್ಕು ನಿಮಗಿದೆ. ನೀವು ಬೇಡ ಅಂದರೂ ನಾನು ನಿಮ್ಮ ಮನೆಗೆ ಚಹಾಕ್ಕೆ ಬರುತ್ತೇನೆ.

ಏನ್ರಿ? ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳ್ರಿ, ಮೈಕು ನನ್ನ ಹತ್ತಿರ ಇದೆ, ಕಿವಿ ಇಲ್ಲ.

— ಲಕ್ಕಪ್ಪನವರು ಕೇಳುತ್ತಿದ್ದಾರೆ: “ನಾಳೆ ಮುಂಜಾನಿ ಹುಬ್ಬಳ್ಳಿಗೆ ಮದಲನೇ ಬಸ್ ಎಷ್ಟಕ್ಕೈತ್ರಿ?”

ಏಳಕ್ಕೈತ್ರಿ, ಲಕ್ಕಪ್ಪ. ಕುಂದ್ರಾಕ ಜಾಗಾ ಸಿಗಂಗಿಲ್ಲ. ಸ್ವಲ್ಪ ಲಗೂನ ಬಂದು ನಿಲ್ರಿ.

ಅಳಬೇಡ, ನಂದಾ. ಭಾವನಾ, ನೀನೂ ಅಳಬೇಡ ಅನ್ನಲಾರೆ, ನೀನು ಅಳು.

ಏಕನಾಥ ಸರ್, ನನ್ನದು ಮುಗಿಯಿತು. ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮೊಣಕಾಲು ನೋವಿದ್ದವರು ಕುಳಿತೇ ಇರಿ, ಅಕ್ಕಾರು ತಪ್ಪು ತಿಳಿಯುವುದಿಲ್ಲ. ಕಣ್ಣು ಮುಚ್ಚಿರಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ — ಇಷ್ಟು ವರ್ಷದಲ್ಲಿ ಅಕ್ಕಾರಿಗೆ ನನ್ನಿಂದ ಒಮ್ಮೆಯೂ ಮಾಡಿಸಲಾಗದಿದ್ದ ಕೆಲಸ ಇದೊಂದೇ.