ತೊಟ್ಟಿಲು ಕಟ್ಟಿದ ಶಾಲೆ

ನನಗೆ ಹತ್ತೇ ನಿಮಿಷ ಎಂದು ಮೊದಲೇ ತಾಕೀತು ಮಾಡಿ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ಮಾನ್ಯ ಶಿವಲಿಂಗಪ್ಪನವರೇ, ನಿನ್ನೆಯವರೆಗೂ ಸನ್ಮಾನ ಬೇಡವೆಂದು ಹಟ ಹಿಡಿದಿದ್ದು ಇಂದು ನಮ್ಮ ಕೈಗೆ ಸಿಕ್ಕಿರುವ ಶಿಕ್ಷಕಿ ಮಹಾದೇವಕ್ಕನವರೇ, ವೇದಿಕೆಯ ಮೇಲಿನ ಹಿರಿಯರೇ, ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದಿರುವ ಕಾರ್ಖಾನೆಯ ಬಂಧುಗಳೇ, ತಾಯಂದಿರೇ, ಮಕ್ಕಳೇ, ಸಭಿಕರೇ,

ನಾನು ಚನಬಸಪ್ಪ. ಹಳಿಯಾಳದಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ನಿವೃತ್ತನಾದ ಮೇಲೆ ಶಾಲಾ ಸಹಾಯ ಸಮಿತಿಯ ಕಾರ್ಯದರ್ಶಿಯಾದವನು. ಹಳಿಯಾಳದ ವ್ಯಾಪಾರಸ್ಥರು, ಮುಂಡಗೋಡದ ರೈತರು ಕೂಡಿ ಕಟ್ಟಿದ ಸಮಿತಿ ನಮ್ಮದು. ಹೊಸದೇನಾದರೂ ಮಾಡಬೇಕೆಂಬ ಹಂಬಲವಿರುವ ಶಾಲೆಗೆ ವರ್ಷಕ್ಕೊಮ್ಮೆ ನೆರವು ಕೊಡುವುದು ಅದರ ಕೆಲಸ. ಸನವಳ್ಳಿಯ ಶಾಲೆ ಮಳೆ ಅಳೆಯುವ ಡಬ್ಬಿ ಕೇಳಿತು, ಕೊಟ್ಟೆವು. ಈಗ ಬಿತ್ತನೆಗೆ ಮುಂಚೆ ಅಲ್ಲಿಯ ಹಿರಿಯರು ಮಕ್ಕಳನ್ನೇ ಕೇಳುತ್ತಾರಂತೆ, ಎಷ್ಟು ಮಳೆ ಆತು ಅಂತ. ಜೊಯಿಡಾ ಕಡೆಯ ಒಬ್ಬ ಮಾಸ್ತರರು, ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕನ್ನಡ ಕಲಿಸಲು ಚಿತ್ರದ ಹಲಗೆ ಕೇಳಿದರು, ಕೊಟ್ಟೆವು. ಕೊಟ್ಟಾಗಲೆಲ್ಲ ನಾನು ಭಾಷಣ ಮಾಡಿದೆ. ಅದು ಮಾತ್ರ ಯಾರೂ ಕೇಳಿದ್ದಲ್ಲ!

ಐದು ವರ್ಷದ ಹಿಂದೆ, ದಾಂಡೇಲಿಯ ಕೂಲಿಕಾರರ ಸಾಲುಮನೆಗಳ ಈ ಬಿದಿರು ಚಾಳದ ಶಾಲೆಯಿಂದ ಒಂದು ಅರ್ಜಿ ಬಂತು. ದುಂಡನೆಯ ಅಕ್ಷರ. ಕೆಳಗೆ ಮಹಾದೇವಕ್ಕ ಎಂದು ಸಹಿ. ಬೇಡಿಕೆ ಏನು? ಗ್ಲೋಬು ಅಲ್ಲ, ನಕಾಶೆ ಅಲ್ಲ. ಆರು ತೊಟ್ಟಿಲು! ಅವನ್ನು ತೂಗಲು ಒಬ್ಬ ಮುದುಕಿ!

ಸಭಿಕರೇ, ಸಮಿತಿಯಲ್ಲಿ ಎಲ್ಲರೂ ನಕ್ಕೆವು. ನಕ್ಕು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಉತ್ತರ ಬರೆಯುವವನು ನಾನು, ನನಗೆ ಚಮತ್ಕಾರದ ಮಾತಿನ ಚಟ. 'ಇಂದು ತೊಟ್ಟಿಲು ಕೇಳುವ ಶಾಲೆ ನಾಳೆ ಬಾಣಂತನದ ಖರ್ಚನ್ನೂ ಕೇಳೀತು. ಅರ್ಜಿ ತಿರಸ್ಕರಿಸಲಾಗಿದೆ' ಎಂದು ಬರೆದೆ. ಬರೆದು, ಎಲ್ಲರಿಗೂ ಓದಿ ತೋರಿಸಿದೆ. ಮತ್ತೊಮ್ಮೆ ನಕ್ಕರು.

ಎಂಟು ದಿನಕ್ಕೆ ಮಹಾದೇವಕ್ಕ ಅಕ್ಕೋರು ಬಸ್ಸು ಹಿಡಿದು ಹಳಿಯಾಳಕ್ಕೆ ಬಂದರು. ನಮ್ಮ ಮನೆಯ ಪಡಸಾಲೆಯಲ್ಲಿ ನಿಂತರು, ಕೂಡ್ರಿ ಎಂದರೂ ಕೂಡಲಿಲ್ಲ. ಸಿಟ್ಟು ಮಾಡಲಿಲ್ಲ, ಕಣ್ಣೀರು ಹಾಕಲಿಲ್ಲ.

"ಸರ, ನಿಮ್ಮ ಉತ್ತರ ಮುಟ್ಟೇತ್ರಿ. ತೊಟ್ಟಲಾ ಕೊಡೂದು ಬಿಡೂದು ಆಮ್ಯಾಲಿನ ಮಾತು. ಒಂದು ದಿವಸ ನಮ್ಮ ಸಾಲಿಗೆ ಬರ್ರಿ. ಒಳಗ ಬರಬ್ಯಾಡ್ರಿ. ಹೊರಗ ಕಿಡಕಿ ಹಂತೇಕ ನಿಂತು ನೋಡ್ರಿ, ಸಾಕು."

ಹೋದೆ. ಆಗ ಈ ಶಾಲೆ ಎರಡೇ ಕೋಣೆ, ತಗಡಿನ ಮಾಡು. ಹಾಜರಿ ಪಟ್ಟಿಯಲ್ಲಿ ಇಪ್ಪತ್ತಾರು ಹುಡುಗಿಯರ ಹೆಸರು, ಒಳಗೆ ಕುಳಿತವರು ನಾಲ್ವರು. ಉಳಿದವರು ಎಲ್ಲಿ? ಚಾಳದ ಗಂಡಸರು ಕಾಗದದ ಕಾರ್ಖಾನೆಗೆ ಹೋದರೆ, ಹೆಂಗಸರು ಬಿದಿರು ಹೊರುವ ಕೂಲಿಗೆ ಹೋಗುತ್ತಾರೆ. ಧಾರವಾಡ, ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಊರಿನಲ್ಲಾದರೆ ಅಜ್ಜಿ, ದೊಡ್ಡಮ್ಮ ಇರುತ್ತಿದ್ದರು. ಇಲ್ಲಿ ಕೂಸುಗಳಿಗೆ ಯಾರಿದ್ದಾರೆ? ಅಕ್ಕಂದಿರೇ.

ಕಿಟಕಿಯ ಹತ್ತಿರ ನನಗಿಂತ ಮೊದಲೇ ಒಬ್ಬಳು ನಿಂತಿದ್ದಳು. ಹತ್ತು ವರ್ಷದ ಹುಡುಗಿ, ದುರ್ಗವ್ವ. ಬಗಲಲ್ಲಿ ತಮ್ಮ. ಅವನಿಗೆ ಅಜ್ಜನ ಹೆಸರಿಟ್ಟಿದ್ದರು, ಮುದಕಪ್ಪ. ಒಂಬತ್ತು ತಿಂಗಳಿಗೇ ಮುದಕಪ್ಪ! ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹೊರಗೆ ಇವಳ ತುಟಿಯೂ ಅಲುಗಾಡುತ್ತಿತ್ತು.

"ನಿನಗೂ ಮಗ್ಗಿ ಬರ್ತೈತೇನವಾ? ಹದಿಮೂರರದ್ದು ಹೇಳು," ಎಂದೆ.

ಹುಡುಗಿ ಗಟ್ಟಿಯಾಗಿ ಶುರುಮಾಡಿದಳು. ಹದಿಮೂರೈದಲೆ ಅರವತ್ತೈದು ಎಂದಳು. ಅಲ್ಲಿಂದ ಒಮ್ಮೆಲೇ, ಹದಿಮೂರೆಂಟಲೆ ನೂರಾ ನಾಲ್ಕು ಎಂದಳು.

"ಆರು, ಏಳು ಎಲ್ಲಿ ಹೋದುವು?"

"ಆರಕ್ಕ ಇಂವ ಅಳಾಕ ಹತ್ತಿದ್ನರಿ. ಗಿಡದ ಕಡೆ ಕರಕೊಂಡು ಹೋಗಿ ಕಾಗಿ ತೋರಿಸಿ ಬಂದೆ. ಬರೂದ್ರಾಗ ಅವರು ಎಂಟಕ್ಕ ಹೋಗಿದ್ರು."

ಸಭಿಕರೇ, ಮೂವತ್ತು ವರ್ಷ ಮಗ್ಗಿ ಕಲಿಸಿದವನು ನಾನು. ತಪ್ಪಿದವರ ಕೈಗೆ ಛಡಿಯಿಂದ ಹೊಡೆದವನು ನಾನು. ಮಗ್ಗಿಯ ನಡುವೆ ಇಂಥ ತೂತು ಯಾಕೆ ಬೀಳುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೆನೇ? ಕೇಳಿರಲಿಲ್ಲ.

ಮನೆಗೆ ಬಂದೆ. ನಮ್ಮ ಮನೆಯಲ್ಲಿ ನನ್ನ ಅಕ್ಕ ಕಾಶೆವ್ವ ಇದ್ದಾಳೆ, ನನಗಿಂತ ಏಳು ವರ್ಷ ಹಿರಿಯಳು. ಭಾವ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವಳು. ಈ ಮಾತು ಇಂದಿನ ಭಾಷಣಕ್ಕೆ ಬೇಕಾದದ್ದಲ್ಲ. ಆದರೂ ಹೇಳಿಬಿಡುತ್ತೇನೆ. ಊಟಕ್ಕೆ ಕೂತಾಗ ಕೇಳಿದೆ, "ಅಕ್ಕಾ, ನೀ ಯಾಕ ಸಾಲಿಗೆ ಹೋಗಲಿಲ್ಲ?"

ಅವಳು ರೊಟ್ಟಿ ಬಡಿಯುತ್ತಲೇ ನಕ್ಕಳು. "ಹೋಗೀನಿ ತಗೋ, ಎಂಟು ದಿವಸ. ಉಸುಕಿನಾಗ ಬೆರಳಿಲೆ ಬರಸ್ತಿದ್ರು. ಒಂಬತ್ತನೇ ದಿವಸ ನೀ ಹುಟ್ಟಿದಿ."

"ಆಮ್ಯಾಲೆ?"

"ಆಮ್ಯಾಲೇನು? ಅವ್ವ ಹೊಲಕ್ಕ ಹೋಗ್ತಿದ್ಲು, ನೀ ನನ್ನ ಬಗಲಾಗ ಇರ್ತಿದ್ದಿ. ಬಾಳ ಅಳಬುರುಕ ಇದ್ದಿ ನೋಡು."

ಅರವತ್ತು ವರ್ಷ ಈ ಸಂಗತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕೇಳಿದರೆ ಗೊತ್ತಾಗುತ್ತಿತ್ತು, ಅದಕ್ಕೇ ಕೇಳಿರಲಿಲ್ಲ. ಎಷ್ಟೋ ಸಭೆಗಳಲ್ಲಿ, ಯಾರ ಹಂಗೂ ಇಲ್ಲದೆ ಸ್ವಂತ ಕಷ್ಟದಿಂದ ಓದಿ ಮುಂದೆ ಬಂದವನು ನಾನು ಎಂದು ಹೇಳಿಕೊಂಡಿದ್ದೇನೆ. ನೀವು ಚಪ್ಪಾಳೆಯನ್ನೂ ತಟ್ಟಿದ್ದೀರಿ.

ಮುಂದಿನ ಸಭೆಯಲ್ಲಿ ನನ್ನ ಉತ್ತರವನ್ನು ನಾನೇ ಮತ್ತೊಮ್ಮೆ ಓದಿದೆ. ಈ ಸಲ ನಗುವಂತೆ ಓದಲಿಲ್ಲ. ಇದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದೆ. ನಮ್ಮ ಅಧ್ಯಕ್ಷರು ಕ್ಷಮಿಸಬೇಕು, ಅವರೇ ಅಡ್ಡ ಬಂದರು. "ಚನಬಸಪ್ಪ, ಸಮಿತಿ ತೊಟ್ಟಲಾ ಹಂಚಾಕ ಹತ್ತೇತಿ ಅಂತ ಪ್ಯಾಟ್ಯಾಗ ನಗ್ತಾರಪಾ." "ಮೊದಲ ನಾವ ನಕ್ಕೇವಲ್ರಿ, ಅವರೂ ನಗಲಿ," ಎಂದೆ. ಇನ್ನೊಬ್ಬ ಸದಸ್ಯರು, ತೊಟ್ಟಿಲು ತೂಗಲು ಅಕ್ಕೋರು ಆರಿಸಿದ್ದ ಮುದುಕಿ ಹೊಳೆವ್ವನ ಅರ್ಹತೆ ಏನು ಎಂದು ಬರೆದು ಕೇಳಿದರು. ಅಕ್ಕೋರು ಬರೆದ ಉತ್ತರ ಇಂದಿಗೂ ನಮ್ಮ ಕಡತದಲ್ಲಿದೆ: 'ಹೆತ್ತದ್ದು ಒಂಬತ್ತು, ಸಾಕಿದ್ದು ಹನ್ನೊಂದು, ಎಲ್ಲರೂ ಕ್ಷೇಮ.' ಒಂದು ವರ್ಷದ ಮಟ್ಟಿಗೆ ನೆರವು ಮಂಜೂರಾಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೇ? ಇಲ್ಲ. ಮೊದಲ ವಾರ ಒಂದು ಕೂಸು ಅತ್ತರೆ ಆರೂ ಅಳುತ್ತಿದ್ದವು. ಪಕ್ಕದ ಕೋಣೆಯ ಮಾಸ್ತರರು ಕಿವಿ ಮುಚ್ಚಿಕೊಂಡು ಲೆಕ್ಕ ಹೇಳಿಕೊಟ್ಟರಂತೆ. ಆದರೂ ಹುಡುಗಿಯರು ಬಂದರು. ನಾಲ್ವರಿದ್ದವರು ಹತ್ತೊಂಬತ್ತಾದರು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಕೂಸುಗಳಿಗೆ ಕೆಮ್ಮು, ಜ್ವರ. ಸಾಲಿಯಲ್ಲಿ ಇಟ್ಟದ್ದಕ್ಕೇ ಹೀಗಾಯಿತು ಎಂದು ಚಾಳದ ತುಂಬ ಸುದ್ದಿ. ಒಂದೇ ವಾರದಲ್ಲಿ ತೊಟ್ಟಿಲು ಖಾಲಿ, ಹುಡುಗಿಯರ ಸಾಲು ಖಾಲಿ. ನೆರವು ನಿಲ್ಲಿಸೋಣ ಎಂದು ಸಮಿತಿಯಲ್ಲಿ ಮಾತು ಎದ್ದಿತು.

ಅಕ್ಕೋರು ಮತ್ತು ಹೊಳೆವ್ವ ಒಂದೇ ಕೊಡೆಯಲ್ಲಿ ಮನೆ ಮನೆ ತಿರುಗಿದರು. ದುರ್ಗವ್ವನ ತಾಯಿ ಕೆಂಚವ್ವ ಬಾಗಿಲಲ್ಲೇ ನಿಂತು ಅಂದಳಂತೆ, "ಸಾಲೀನೂ ಬ್ಯಾಡ, ತೊಟ್ಟಲಾನೂ ಬ್ಯಾಡ. ನನ್ನ ಕೂಸು ಉಳದ್ರ ಸಾಕು." ಒಳಗೆ ಮುದಕಪ್ಪನ ಮೈ ಕೆಂಡ. ವಾದ ಮಾಡುವವರಾಗಿದ್ದರೆ ಅಲ್ಲೇ ವಾದ ಮಾಡುತ್ತಿದ್ದರು. ಅಕ್ಕೋರು ಹಾಗೆ ಮಾಡಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ತಾಯಿಯನ್ನೂ ಕರೆದುಕೊಂಡು ಆ ಮಳೆಯಲ್ಲೇ ಡಾಕ್ಟರರ ಹತ್ತಿರ ನಡೆದರು. ಮೂರು ದಿನ ಶಾಲೆ ಬಿಟ್ಟ ಕೂಡಲೇ ಹೋಗಿ ಕೂಸಿನ ಹತ್ತಿರ ಕೂತರು. ನಾಲ್ಕನೇ ದಿನ ಜ್ವರ ಇಳಿಯಿತು.

ಮುಂದಿನ ಸೋಮವಾರ ಕೆಂಚವ್ವ ತಾನೇ ಕೂಸನ್ನು ತಂದಳು. "ಅಕ್ಕೋರ, ನಿಮ್ಮ ತೊಟ್ಟಲದಾಗ ಹಾಕ್ರಿ. ಹೊಳೆವ್ವ ತೂಗಿದ್ರನ ನಿದ್ದಿ ಅಂತ, ಮನ್ಯಾಗ ಮಲಗವಲ್ಲ." ಅವಳ ಹಿಂದೆ ಉಳಿದವರೂ ಬಂದರು. ನೆರವು ನಿಲ್ಲಿಸುವ ಮಾತು ಅಲ್ಲಿಗೇ ಬಿತ್ತು, ನೆರವು ವರ್ಷ ವರ್ಷವೂ ಮುಂದುವರಿಯಿತು.

ಬಂಧುಗಳೇ, ಈ ವರ್ಷ ಆ ಸಾಲಿನ ನಾಲ್ವರು ಹುಡುಗಿಯರು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಾರೆ. ದುರ್ಗವ್ವನೂ ಅವರಲ್ಲಿ ಒಬ್ಬಳು, ಗಣಿತದಲ್ಲಿ ಶಾಲೆಗೇ ಮೊದಲು. ಮುಂಡಗೋಡದ ಎರಡು ಹಳ್ಳಿಯ ಶಾಲೆಗಳು ತಮಗೂ ತೊಟ್ಟಿಲು ಬೇಕೆಂದು ಅರ್ಜಿ ಹಾಕಿವೆ. ಪೇಟೆಯಲ್ಲಿ ಯಾರೂ ನಗಲಿಲ್ಲ. ಎಂಥ ಶಿಕ್ಷಕಿ ಈಕೆ! ಕಲಿಸಲು ಬಂದವರು ಬಹಳ ಮಂದಿ. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಹೊರಗೆ ಹೋಗಿ ನೋಡಿದವರು ಇವರು. ಮಹಾದೇವಕ್ಕನವರೇ, ನಿಮಗೆ ನಾನು ಬರೆದ ಆ ಮಾತಿಗಾಗಿ ಈ ತುಂಬಿದ ಸಭೆಯಲ್ಲಿ ಕ್ಷಮೆ ಕೇಳುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ವಂದನೆ ಮಾತ್ರ. ಸಮಿತಿಗೆ, ದಾನಿಗಳಿಗೆ, ನಂಬಿ ಕೂಸು ಕೊಟ್ಟ ತಾಯಂದಿರಿಗೆ, ಹೊಳೆವ್ವನಿಗೆ ವಂದನೆ. ಅಲ್ಲಿ ಮೂರನೇ ಸಾಲಿನಲ್ಲಿ ಒಬ್ಬಾಕೆ ಮುಖದ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಾಳೆ. ಭಾಷಣದಾಗ ನನ್ನ ಸುದ್ದಿ ತೆಗದ್ರ ಎದ್ದು ಹೋಗ್ತೇನಿ ಎಂದು ಹೇಳಿಯೇ ಬಂದವಳು. ಎದ್ದು ಹೋಗಿಲ್ಲ. ಅಕ್ಕಾ, ಕಾಶೆವ್ವಕ್ಕಾ, ಜೀವನದುದ್ದಕ್ಕೂ ವೇದಿಕೆ ಹತ್ತಿ ಊರಿಗೆಲ್ಲ ವಂದನೆ ಹೇಳಿದೆ. ನಿನಗೆ ಇದೇ ಮೊದಲು.

ನಮಸ್ಕಾರ.